ರುಚಿ ನೋಡದೆ ಮಾಡಿದ ಪೇಡಾ

ಹಾಲು ಉಕ್ಕುವುದಕ್ಕೆ ಸ್ವಲ್ಪ ಮುಂಚೆ ಸುಮ್ಮನಾಗುತ್ತದೆ. ಒಲೆಯ ಮೇಲಿಟ್ಟ ಪಾತ್ರೆ ಮೊದಲು ಸಣ್ಣಗೆ ಗುಂಯ್‌ಗುಡುತ್ತಿರುತ್ತದೆ. ಆಮೇಲೆ ಆ ಸದ್ದು ನಿಲ್ಲುತ್ತದೆ. ಕೆನೆ ನಡುವೆ ಒಂದು ಸಲ ಉಬ್ಬುತ್ತದೆ. ಸರಿಯಾಗಿ ಆಗಲೇ ನಾವು ಬೀದಿಯಲ್ಲಿ ಯಾರೋ ಹೋದರೆಂದು ಕಿಟಕಿಯ ಕಡೆ ಕತ್ತು ತಿರುಗಿಸಿರುತ್ತೇವೆ. ಈ ಸಂಗತಿ ನನಗೆ ತಿಳಿದದ್ದು ಅರವತ್ತು ತುಂಬಿದ ಮೇಲೆ. ಅಲ್ಲಿಯವರೆಗೆ ಹಾಲು ಎಂದರೆ ಲೋಟದಲ್ಲಿ ಬರುವ ಪದಾರ್ಥ ಎಂದಷ್ಟೇ ನನ್ನ ತಿಳಿವಳಿಕೆಯಾಗಿತ್ತು. ಅದರ ಹಿಂದೆ ಒಂದು ಹಸು ಇದೆ, ಅದೂ ನಮ್ಮ ಹಿತ್ತಲಲ್ಲೇ ಇದೆ ಎಂಬುದು ಗೊತ್ತಿರಲಿಲ್ಲವೆಂದಲ್ಲ. ಚಾಮುಂಡಿಬೆಟ್ಟ ಇದೆಯೆಂದು ಗೊತ್ತಿರುವ ಹಾಗೆ ಗೊತ್ತಿತ್ತು.

ನಮ್ಮ ಮನೆ ಇರುವುದು ಮಂಡಿ ಮೊಹಲ್ಲಾದಲ್ಲಿ. ಹಸು ಕಟ್ಟುವಂಥ ಜಾಗವಲ್ಲ ಎಂದು ನೀವು ಹೇಳಬಹುದು. ಆದರೆ ನಮ್ಮ ತಂದೆಯದು ಬೂಸಾ, ಹಿಂಡಿಯ ಅಂಗಡಿ. ಗೋಣಿಚೀಲ ಎಲ್ಲಿ ಹರಿದರೂ ಅಲ್ಲಿ ಬೂಸಾ ಚೆಲ್ಲುತ್ತದೆ. ಚೆಲ್ಲಿದ್ದನ್ನು ಗುಡಿಸಿದರೆ ಒಂದು ಹಸುವಿನ ಹೊಟ್ಟೆಗಾಗುತ್ತದೆ. ಹೀಗೆ ಶುರುವಾದ ಹಸು ಸಾಕಣೆ ಅಂಗಡಿ ಮುಚ್ಚಿದ ಮೇಲೂ ಹಿತ್ತಲಲ್ಲಿ ಉಳಿಯಿತು. ಈಗಿರುವವಳು ಲಕ್ಷ್ಮಿ. ನಾವು ಮೂರು ತಲೆಮಾರಿನಿಂದ ಇಗರ್ಜಿಗೆ ಹೋಗುವ ಜನ, ಹಸುವಿಗೆ ಈ ಹೆಸರೇ ಎಂದು ಕೇಳುವವರುಂಟು. ಮಾರಿದವನು ಆ ಹೆಸರಿನಿಂದ ಕರೆಯುತ್ತಿದ್ದ, ಆ ಹೆಸರಿಗೆ ಅದು ತಿರುಗಿ ನೋಡುತ್ತಿತ್ತು. ತಿರುಗಿ ನೋಡುವ ಹೆಸರನ್ನು ಬದಲಿಸಬಾರದೆಂದು ನಮ್ಮ ಅಕ್ಕ ಹೇಳಿದಳು.

ಅಕ್ಕ ಎಂದರೆ ಮಗ್ದಲೇನ. ನನಗಿಂತ ಏಳು ವರ್ಷ ದೊಡ್ಡವಳು, ಹೊಲಿಗೆ ಕಲಿಸುತ್ತಿದ್ದವಳು, ಮದುವೆಯಾಗಲಿಲ್ಲ. ಹಾಲು ಕರೆಯುವುದು ಅವಳ ಕೆಲಸ. ನನ್ನ ಹೆಂಡತಿ ಸೆಲೀನಾ ಒಳಗೆ ಆ ಹಾಲನ್ನು ಏನು ಮಾಡಬೇಕೋ ಅದನ್ನು ಮಾಡುತ್ತಾಳೆ. ಹಸುವಿನ ಬಾಲಕ್ಕೂ ಅವಳಿಗೂ ಆಗುವುದಿಲ್ಲ. ನಾನು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ಕಳೆದ ವರ್ಷ ನಿವೃತ್ತನಾದೆ. ಅಂಗಡಿಗಳಿಗೆ ಹೋಗಿ ತಕ್ಕಡಿ, ಬಟ್ಟು, ಲೀಟರಿನ ಅಳತೆಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ನನ್ನ ಕೆಲಸವಾಗಿತ್ತು. ಆ ಕೆಲಸ ಮನುಷ್ಯನಿಗೆ ಒಂದು ರೋಗ ಹಚ್ಚುತ್ತದೆ. ಬೇರೆಯವರ ಮನೆಯಲ್ಲಿ ಪಾಯಸ ಬಡಿಸಿದರೂ ಸೌಟಿನ ಮೇಲೆ ಕಣ್ಣು ಹೋಗುತ್ತದೆ.

ಇಲ್ಲಿ ಕೊಸರಿನ ವಿಷಯ ಒಂದು ಮಾತು ಹೇಳಬೇಕು. ಸೇರು, ಪಾವು ಹೋಗಿ ಕಿಲೋ, ಲೀಟರು ಬಂದು ಎಷ್ಟೋ ಕಾಲವಾಯಿತು. ಕೊಸರು ಮಾತ್ರ ಹೋಗಿಲ್ಲ. ಮಂಡಿಯಲ್ಲಿ ಅಳೆದು ಹಾಕಿದ ಮೇಲೆ ವ್ಯಾಪಾರಿ ಒಂದು ಹಿಡಿ ಮೇಲಕ್ಕೆ ಎಸೆಯುತ್ತಾನಲ್ಲ, ಅದು. ಅದಕ್ಕೆ ಮುದ್ರೆಯಿಲ್ಲ, ಗೀಟಿಲ್ಲ, ನಮ್ಮ ನಿಯಮದ ಪುಸ್ತಕದಲ್ಲಿ ಜಾಗವಿಲ್ಲ. ನಾನು ಅಷ್ಟು ವರ್ಷ ಅಳತೆಯನ್ನು ನೋಡಿದೆ, ಕೊಸರನ್ನು ನೋಡಲಿಲ್ಲ. ಎಸೆದ ಹಿಡಿ ಎಲ್ಲಿಂದ ಬಂತು, ಯಾರ ರಾಶಿಯಿಂದ ಬಂತು ಎಂದು ಒಮ್ಮೆಯೂ ಕೇಳಲಿಲ್ಲ.

ಲಕ್ಷ್ಮಿ ದಿನಕ್ಕೆ ಒಂಬತ್ತು ಲೀಟರು ಕೊಡುತ್ತಿದ್ದಳು. ಮೂವರ ಮನೆಗೆ ಎರಡು ಸಾಕು. ಮಿಕ್ಕಿದ್ದನ್ನು ಮಾರುವ ಪದ್ಧತಿ ನಮ್ಮಲ್ಲಿಲ್ಲ. ಬೂಸಾ ಕೊಳ್ಳುತ್ತಿದ್ದವರೆಲ್ಲ ಹಾಲಿನವರು. ಗಿರಾಕಿಯ ಎದುರು ಅಂಗಡಿ ಇಡಬಾರದೆಂದು ನಮ್ಮ ತಂದೆ ಅದನ್ನು ನಿಲ್ಲಿಸಿದ್ದರು. ಆದ್ದರಿಂದ ಮೊಸರು, ಬೆಣ್ಣೆ, ತುಪ್ಪ, ಕೋವಾ, ಕೆಲವೊಮ್ಮೆ ಒಡೆದದ್ದಕ್ಕೆ ಪನೀರ್ ಎಂಬ ಗೌರವದ ಹೆಸರು. ಪಕ್ಕದ ಮನೆಯ ಗಂಗಮ್ಮನವರಿಗೆ ಒಂದು ಚೊಂಬು ಹೋಗುತ್ತದೆ. ಅವರದು ಕೊಬ್ಬರಿ, ಬೆಲ್ಲದ ವ್ಯಾಪಾರ. ಚೊಂಬು ಬೆಲ್ಲದ ತುಂಡಿನೊಂದಿಗೆ ಹಿಂದಿರುಗುತ್ತದೆ. ಹಣೆ ತುಂಬ ವಿಭೂತಿ ಇಟ್ಟುಕೊಂಡು ಅವರು ನಮ್ಮ ಅಡಿಗೆಮನೆಗೆ ಬರುವುದು, ಹೋಗುವುದು, ಅದು ಸರಿಯಿಲ್ಲ ಇದು ಸರಿಯಿಲ್ಲ ಎನ್ನುವುದು ನಲವತ್ತು ವರ್ಷದಿಂದ ನಡೆದಿದೆ.

ನಮ್ಮ ಅಜ್ಜಿ ಒಂದು ಕಟ್ಟಳೆ ಮಾಡಿಟ್ಟು ಹೋಗಿದ್ದಾಳೆ. ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ವಿಭೂತಿ ಬುಧವಾರದಿಂದ ಪಾಸ್ಖ, ಅಂದರೆ ಈಸ್ಟರ್ ಹಬ್ಬದವರೆಗೆ, ತಪಸ್ಸುಕಾಲ ಪೂರ್ತಿ, ಮನೆಯ ದೊಡ್ಡವರು ಹಾಲು, ಮೊಸರು, ತುಪ್ಪ ಯಾವುದನ್ನೂ ಬಾಯಿಗೆ ಹಾಕುವಂತಿಲ್ಲ. ಈಗಿನ ಗುರುಗಳು ಯಾರೂ ಇದನ್ನು ಕೇಳುವುದಿಲ್ಲ. ಅಜ್ಜಿ ಕೇಳುತ್ತಾಳೆಂಬ ಭಯಕ್ಕೆ ನಾವು ಬಿಟ್ಟಿಲ್ಲ. ಹಸುವಿಗಂತೂ ತಪಸ್ಸುಕಾಲ ಗೊತ್ತಿಲ್ಲ. ಈ ಸಲ ಲಕ್ಷ್ಮಿ ವಿಭೂತಿ ಬುಧವಾರಕ್ಕೆ ಮೂರು ವಾರ ಮೊದಲು ಹೆಣ್ಣುಕರು ಹಾಕಿದಳು. ಗಿಣ್ಣು ಮಾಡಿ ಹಂಚಿದೆವು, ತಿಂದೆವು. ಕರುವಿಗೆ ಚಿನ್ನಿ ಎಂದು ಹೆಸರಿಟ್ಟೆವು. ಆಮೇಲೆ ನಮ್ಮ ಬಾಯಿ ಮುಚ್ಚಿತು, ಹಾಲು ಮಾತ್ರ ಬರುತ್ತಲೇ ಇತ್ತು.

ಇದರಿಂದ ನಮ್ಮ ಮನೆಯಲ್ಲಿ ಒಂದು ವಿಚಿತ್ರವಾದ ಪಾಕಶಾಸ್ತ್ರ ಬೆಳೆದಿದೆ. ರುಚಿ ನೋಡದೆ ಮಾಡುವುದು. ಅಕ್ಕ ತುಪ್ಪವನ್ನು ಕಿವಿಯಿಂದ ಕಾಯಿಸುತ್ತಾಳೆ. ಬೆಣ್ಣೆ ಚಟಪಟ ಎನ್ನುವವರೆಗೆ ಅದರಲ್ಲಿ ನೀರಿದೆ. ಸದ್ದು ನಿಂತ ಕ್ಷಣ ಇಳಿಸಬೇಕು. ಆ ಹೊತ್ತಿನಲ್ಲಿ ರೇಡಿಯೋ ಹಾಕುವಂತಿಲ್ಲ, ಕೆಮ್ಮುವಂತಿಲ್ಲ. ಸೆಲೀನಾ ಮೊಸರನ್ನು ಪಾತ್ರೆ ಓರೆ ಮಾಡಿ ನೋಡಿ ಹೇಳುತ್ತಾಳೆ. ಹುಳಿಯಾಗಿದೆಯೋ ಇಲ್ಲವೋ, ಸಕ್ಕರೆ ಸಾಕೋ ಎಂಬುದಕ್ಕೆ ಗಂಗಮ್ಮನವರ ನಾಲಿಗೆ. ಶಿವರಾತ್ರಿ ಒಂದು ದಿನ ಬಿಟ್ಟರೆ ಆ ನಾಲಿಗೆ ಯಾವಾಗಲೂ ಲಭ್ಯ. ಅವರು ಅಡಿಗೆಮನೆಯ ಮಣೆ ಮೇಲೆ ಕೂತು, ಚಮಚ ಬಾಯಿಗಿಟ್ಟು, ನಾವು ಮೂವರು ಅವರ ಮುಖವನ್ನೇ ನೋಡುತ್ತಿದ್ದರೆ, ಬೇಕೆಂದೇ ನಿಧಾನ ಮಾಡುತ್ತಾರೆ. “ನಿಮ್ ಹಬ್ಬದ ಪುಣ್ಯ ಎಲ್ಲಾ ನನ್ ಹೊಟ್ಟೆಗೇ ಬೀಳ್ತಾ ಐತೆ ಕಣ್ರೀ” ಎನ್ನುತ್ತಾರೆ.

ನಿವೃತ್ತನಾದವನಿಗೆ ಕೈ ಖಾಲಿ ಇರುತ್ತದೆ. ನಾನು ಅಡಿಗೆಮನೆಗೆ ಕಾಲಿಟ್ಟೆ. ಹೆಪ್ಪು ಹಾಕುವ ಹಾಲಿಗೆ ಥರ್ಮಾಮೀಟರು ಅದ್ದಿದೆ. ಹೆಪ್ಪನ್ನು ಚಮಚದ ಬದಲು ಔಷಧದ ಸಿರಿಂಜಿನಲ್ಲಿ ಅಳೆದು ಹಾಕಿದೆ. ಅಂದಿನ ಮೊಸರು ಎತ್ತಿದರೆ ದಾರದ ಹಾಗೆ ಬರುತ್ತಿತ್ತು. ಅಕ್ಕ ಅದರಲ್ಲಿ ಗುಂಡಿ ಹೊಲಿಯಬಹುದೆಂದಳು. ಬಿಸಿಲು ಏರಿದ ದಿನಗಳಲ್ಲಿ ಬೆಣ್ಣೆ ಬರಲಿಲ್ಲ. ಮುಕ್ಕಾಲು ಗಂಟೆ ಕಡೆದೆ, ಮಜ್ಜಿಗೆ ಬಿಸಿಯಾಯಿತು, ನಾನೂ ಬಿಸಿಯಾದೆ. ಐಸು ಹಾಕಬೇಕೆಂದು ಎಲ್ಲರಿಗೂ ಗೊತ್ತಿತ್ತಂತೆ, ಯಾರೂ ಹೇಳಲಿಲ್ಲ. ಆದರೆ ಕೋವಾ ನನಗೆ ಒಲಿಯಿತು. ದಪ್ಪ ತಳದ ಬಾಣಲೆ, ಸಣ್ಣ ಉರಿ, ಕೈ ನಿಲ್ಲಿಸದೆ ತಿರುವುವುದು, ಅಂಚಿಗೆ ಹತ್ತಿದ ಕೆನೆಯನ್ನು ಕೆರೆದು ಮತ್ತೆ ಒಳಗೆ ಸೇರಿಸುವುದು. ತಾಳ್ಮೆ ಬಿಟ್ಟರೆ ಬೇರೆ ವಿದ್ಯೆ ಬೇಡ. ಒಂದು ಲೀಟರಿಗೆ ಹತ್ತು ಪೇಡಾ. ತಪಸ್ಸುಕಾಲದಲ್ಲಿ ಬೀದಿಯವರಿಗೆ ಹಂಚುವ ಹಾಲು, ಹೆಪ್ಪು, ಬೆಣ್ಣೆ ಎಲ್ಲ ಹೋಗಿ ಬಾಣಲೆಗೆ ದಿನಕ್ಕೆ ಸಿಗುತ್ತಿದ್ದದ್ದು ಒಂದು, ಒಂದೂವರೆ ಲೀಟರು. ಗಂಗಮ್ಮನವರು ಮೊದಲ ಪೇಡಾ ತಿಂದು ಎರಡನೆಯದಕ್ಕೆ ಕೈ ನೀಡಿದರು. ಅವರು ಅನುಮಾನವಿಲ್ಲದೆ ಕೈ ನೀಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೊಗಳಿಕೆ ತಲೆಗೆ ಹೋಗುವ ದಾರಿ ಬಹಳ ಹತ್ತಿರ. ಮುಂದಿನ ಭಾನುವಾರ ಪೂಜೆಯ ನಂತರ, ಇಗರ್ಜಿಯ ಅಂಗಳದಲ್ಲಿ ನಿಂತಿದ್ದವರೆದುರು, ಪಾಸ್ಖದ ದಿನ ಪ್ರತಿ ಕುಟುಂಬಕ್ಕೂ ನಮ್ಮ ಮನೆಯ ಹಾಲಿನ ಒಂದೊಂದು ಪೇಡಾ ಎಂದು ಹೇಳಿಬಿಟ್ಟೆ. ಮುನ್ನೂರು ಕುಟುಂಬ. ಫಾದರ್ ಬಲಿಪೀಠದಿಂದಲೂ ಅದನ್ನು ಪ್ರಕಟಿಸಿದರು. ಬಾಯಿಗೆ ಒಂದು ಹನಿ ಹಾಲು ಹಾಕದವನು ಊರಿಗೆ ಪೇಡಾ ಹಂಚುತ್ತಾನೆ. ಇದಕ್ಕಿಂತ ಚೆಂದದ ತಪಸ್ಸು ಯಾವುದಿದೆ ಎಂದು ನನಗೇ ಅನ್ನಿಸಿತು. ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ.

ಇನ್ನು ಮುಂದಿನದನ್ನು ಕಂಡಷ್ಟೇ, ಕಂಡ ಕ್ರಮದಲ್ಲೇ ಬರೆಯುತ್ತೇನೆ.

ತಪಸ್ಸುಕಾಲದ ನಾಲ್ಕನೆಯ ವಾರ ಅಕ್ಕ ಇಲವಾಲಕ್ಕೆ ಹೋದಳು. ನಮ್ಮ ಚಿಕ್ಕಪ್ಪನ ಮೊಮ್ಮಗಳಿಗೆ ಹೆರಿಗೆಯಾಗಿತ್ತು. ಎರಡು ವಾರ ಬಾಣಂತನಕ್ಕೆ. ಹೋಗುವ ಮುನ್ನ ನನ್ನನ್ನು ಮೂರು ದಿನ ಕೊಟ್ಟಿಗೆಯಲ್ಲಿ ಕೂರಿಸಿ ಕರೆಯುವುದನ್ನು ಕಲಿಸಿದಳು. ಕರುವನ್ನು ಮೊದಲು ಬಿಡಬೇಕು, ಅದು ಗುಮ್ಮಿದ ಮೇಲೆ ತಾಯಿ ಹಾಲು ಇಳಿಸುತ್ತಾಳೆ. ಆಮೇಲೆ ಕರುವನ್ನು ಎಳೆದು ಕಟ್ಟಿ ಮೂರು ಮೊಲೆ ಕರೆಯಬೇಕು. ಹಿಂದಿನ ಎಡಮೊಲೆ ಕರುವಿನದು, ಅದನ್ನು ಮುಟ್ಟಬಾರದು. “ಅದ್ರಲ್ಲಿ ಎಷ್ಟೈತೆ ಅಂತ ನೋಡೋಕೂ ಹೋಗ್ಬೇಡ” ಎಂದಿದ್ದಳು.

ಮೊದಲ ದಿನಗಳಲ್ಲಿ ಮುಟ್ಟಲಿಲ್ಲ. ಬಿಸಿಲು ಹೆಚ್ಚಾಯಿತು, ಹಸಿ ಹುಲ್ಲು ಕಡಿಮೆಯಾಯಿತು, ಹಾಲು ಇಳಿಯತೊಡಗಿತು. ಒಂಬತ್ತು ಎಂಟೂವರೆಯಾಯಿತು. ಕಣ್ಣನ್ನು ಗೀಟಿನ ಮಟ್ಟಕ್ಕೆ ತಂದು ನೋಡಿದೆ, ಎಂಟೂವರೆಯೇ. ಮುನ್ನೂರು ಪೇಡಾ ನನ್ನ ತಲೆಯಲ್ಲಿ ಸಾಲಾಗಿ ಕೂತಿದ್ದವು. ಅಂದು ಹಿಂದಿನ ಎಡಮೊಲೆಯಿಂದ ಅರ್ಧ ಲೀಟರು ಕರೆದೆ. ಕರು ಕುಡಿದು ಬಿಟ್ಟ ಮೇಲೂ ಕೆಚ್ಚಲಲ್ಲಿ ಸ್ವಲ್ಪ ಉಳಿದಿರುವುದನ್ನು ಹಿಂದಿನ ಸಂಜೆ ಕಂಡಿದ್ದೆ. ಉಳಿದದ್ದು ಮಿಕ್ಕಿದ್ದೇ ಅಲ್ಲವೆ ಎಂಬುದು ನನ್ನ ತರ್ಕ. ಎರಡು ದಿನದ ಮೇಲೆ ಹಾಲು ಇನ್ನೂ ಇಳಿಯಿತು. ನಾನು ಎಡಮೊಲೆಯಿಂದ ಮುಕ್ಕಾಲು ಲೀಟರು ತೆಗೆದೆ, ಆಮೇಲೆ ಒಂದು. ನನ್ನ ಪಾತ್ರೆಯಲ್ಲಿ ದಿನವೂ ಒಂಬತ್ತೇ. ಇಳಿದದ್ದು ಇನ್ನೊಂದು ಕಡೆ ಇಳಿಯುತ್ತಿತ್ತು. ಆ ಕಡೆಗೆ ನನ್ನ ಬಳಿ ಅಳತೆ ಇರಲಿಲ್ಲ.

ಸೆಲೀನಾ ದಿನವೂ ಒಳಗಿನಿಂದ ಕೇಳುತ್ತಿದ್ದಳು, “ಕರುಗೆ ಬಿಟ್ರಾ?” ಬಿಟ್ಟೆ ಎನ್ನುತ್ತಿದ್ದೆ. ಸುಳ್ಳಲ್ಲ. ಎಷ್ಟು ಎಂದು ಅವಳು ಕೇಳಲಿಲ್ಲ. ಅಳತೆಯ ಇಲಾಖೆಯವನನ್ನು ಯಾರು ಕೇಳುತ್ತಾರೆ.

ಚಿನ್ನಿ ಕೊಟ್ಟಿಗೆಯ ಗೋಡೆ ನೆಕ್ಕಲು ಶುರು ಮಾಡಿತು. ಮೂತಿಯೆಲ್ಲ ಸುಣ್ಣ. ನಾನು ನಕ್ಕು ಒಂದು ಫೋಟೋ ತೆಗೆದು ಇಲವಾಲಕ್ಕೆ ಕಳಿಸಿದೆ. ಬಾಣಂತಿಯ ಮನೆಯಲ್ಲಿ ಅಕ್ಕನಿಗೆ ಫೋನು ನೋಡಲು ಪುರುಸೊತ್ತಿರಲಿಲ್ಲ. ಗಂಗಮ್ಮನವರು ಕೋವಾ ರುಚಿ ನೋಡಲು ಬಂದವರು ಹಿತ್ತಲ ಬಾಗಿಲಲ್ಲಿ ನಿಂತು, ಇದ್ಯಾಕ್ರೀ ಮಣ್ಣು ತಿಂತೈತೆ ಎಂದರು. ಆಟ ಎಂದೆ. ಅವರು ನನ್ನ ಮುಖ ನೋಡಿದರು, ಪೇಡಾ ಅರ್ಧಕ್ಕೇ ಇಟ್ಟು ಹೋದರು. ಸಕ್ಕರೆ ಹೆಚ್ಚಾಯಿತೇನೋ ಎಂದುಕೊಂಡೆ.

ಪಾಸ್ಖಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಪೂಜೆ ಮುಗಿಸಿ ತೆಂಗಿನ ಗರಿ ಹಿಡಿದುಕೊಂಡು ಮನೆಗೆ ಬಂದೆವು. ಸೆಲೀನಾ ಗರಿಯ ತುದಿಯನ್ನು ಚಿನ್ನಿಯ ಮುಂದೆ ಹಿಡಿದಳು. ಅದು ಮಲಗಿತ್ತು. ನಾಲಿಗೆ ಚಾಚಿತು, ತಲೆ ಎತ್ತಲಿಲ್ಲ. ಎಬ್ಬಿಸಲು ನೋಡಿದೆ, ಹಿಂಗಾಲು ನಡುಗಿ ಮಡಿಸಿಕೊಂಡಿತು. ಮುಟ್ಟಿದರೆ ಪಕ್ಕೆಲುಬು ಒಂದೊಂದಾಗಿ ಕೈಗೆ ಸಿಕ್ಕವು. ಎಣಿಸಬಹುದಿತ್ತು. ಎಣಿಸಲಿಲ್ಲ.

ಪಶುವೈದ್ಯರು ಸ್ಕೂಟರಿನಲ್ಲಿ ಬಂದರು. ಕಣ್ಣಿನ ರೆಪ್ಪೆ ಎಳೆದು ನೋಡಿದರು, ಕತ್ತಿನ ಚರ್ಮ ಹಿಡಿದು ಬಿಟ್ಟರು. ಅದು ಬಿಟ್ಟಲ್ಲೇ ಮಡಿಕೆಯಾಗಿ ನಿಂತಿತು. ದಿನಕ್ಕೆ ಎಷ್ಟು ಹಾಲು ಕುಡಿಯುತ್ತದೆ ಎಂದು ಕೇಳಿದರು.

ಗಂಗಮ್ಮನವರ ಚೊಂಬು ಎಷ್ಟು ಹಿಡಿಯುತ್ತದೆ, ಬಾಣಲೆಗೆ ಎಷ್ಟು ಹೋಗುತ್ತದೆ, ಹೆಪ್ಪಿಗೆಷ್ಟು ಎಂದು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಬಲ್ಲೆ. ಈ ಪ್ರಶ್ನೆಗೆ ನನಗೆ ಉತ್ತರ ಗೊತ್ತಿರಲಿಲ್ಲ.

“ಕಾಯಿಲೆ ಏನಿಲ್ಲ ಸಾರ್” ಎಂದರು ಅವರು. “ಹಸಿವು.”

ಬದುಕುತ್ತದೆಯೇ ಎಂದು ಸೆಲೀನಾ ಕೇಳಿದಳು. ಎರಡು ದಿನ ನೋಡಬೇಕು, ಹಾಲನ್ನು ಒಮ್ಮೆಗೇ ಸುರಿಯಬೇಡಿ, ಭೇದಿಯಾದರೆ ಕೈ ಬಿಟ್ಟು ಹೋಗುತ್ತದೆ, ಎರಡೆರಡು ಗಂಟೆಗೆ ಅರ್ಧ ಲೀಟರು, ನಡುವೆ ಉಪ್ಪು ಸಕ್ಕರೆ ನೀರು ಎಂದು ಹೇಳಿ, ಒಂದು ಸೂಜಿ ಹಾಕಿ ಹೋದರು. ನಾನು ಅಕ್ಕನಿಗೆ ಫೋನು ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಹುಣಸೂರು ಕಡೆಯ ಬಸ್ಸಿನಲ್ಲಿ ಬಂದಿಳಿದಳು. ಚೀಲವನ್ನೂ ಇಳಿಸದೆ ನೇರ ಕೊಟ್ಟಿಗೆಗೆ ಹೋಗಿ ಕರುವಿನ ಬಾಯಲ್ಲಿ ಬೆರಳಿಟ್ಟಳು. ಅದು ಚೀಪಿತು. ಹಸುವಿನ ಎಡಮೊಲೆ ಹಿಡಿದು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬಯ್ಯುತ್ತಾಳೆಂದು ಕಾದೆ. ಅವಳು ದನಿ ಏರಿಸಲಿಲ್ಲ.

“ತಪಸ್ಸು ನಿಂದು, ಉಪಾಸ ಇದುಕ್ಕಾ?”

ಇಷ್ಟೇ ಅಂದದ್ದು. ಮೂವತ್ತನಾಲ್ಕು ವರ್ಷದಲ್ಲಿ ನಾನು ಎಷ್ಟೋ ತಕ್ಕಡಿ ಹಿಡಿದಿದ್ದೇನೆ. ತಟ್ಟೆಯ ಕೆಳಗೆ ಹುಣಸೆಹಣ್ಣು ಅಂಟಿಸಿದವರು, ಲೀಟರಿನ ತಳ ಬಡಿದು ಮೇಲೆತ್ತಿದವರು. ಅವರಾರೂ ಹಾಗೆ ಮಾಡಿ ಪುಣ್ಯ ಬರುತ್ತದೆಂದು ನಂಬಿರಲಿಲ್ಲ. ಆ ಮಟ್ಟಿಗೆ ಅವರು ನನಗಿಂತ ಪ್ರಾಮಾಣಿಕರು.

ಅಂದಿನಿಂದ ಬಾಣಲೆ ಒಲೆ ಏರಲಿಲ್ಲ. ರಬ್ಬರಿನ ತೊಟ್ಟಿರುವ ಬಾಟಲಿಯಲ್ಲಿ ನಾನೂ ಅಕ್ಕನೂ ಸರದಿಯ ಮೇಲೆ ಕುಡಿಸಿದೆವು. ಸೋಮವಾರ ಅದು ಕಿವಿ ಅಲ್ಲಾಡಿಸಿತು. ಗಂಗಮ್ಮನವರು ಬಂದು, ತಮ್ಮ ಚೊಂಬು ಖಾಲಿ ಇರಲಿ ಎಂದು ಹೇಳಿ, ಕರುವಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಅದರ ಹಣೆಗೆ ತಮ್ಮ ವಿಭೂತಿಯ ಒಂದು ಗೀರು ಎಳೆದರು. ನಮ್ಮ ಮನೆಯಲ್ಲಿ ವಿಭೂತಿ ಬುಧವಾರ ಈ ವರ್ಷ ಎರಡು ಸಲ ಬಂತೆಂದು ಸೆಲೀನಾ ಹೇಳಿದಳು. ಮನೆಯಲ್ಲಿ ಒಬ್ಬರು ನಕ್ಕದ್ದು ಆ ಎರಡು ದಿನಕ್ಕೆ ಅದೇ ಮೊದಲು. ಮಂಗಳವಾರ ಬೆಳಿಗ್ಗೆ ನಾನು ಬಾಟಲಿ ತೊಳೆಯುತ್ತಿದ್ದಾಗ ಹಿಂದೆ ಸದ್ದಾಯಿತು. ದನ ಏಳುವಾಗ ಹಿಂಗಾಲು ಮೊದಲು ಎತ್ತುತ್ತದೆ. ಚಿನ್ನಿ ಹಿಂಗಾಲೆತ್ತಿ, ಮೊಣಕಾಲಿನ ಮೇಲೆ ಸ್ವಲ್ಪ ಹೊತ್ತು ಯೋಚಿಸಿ, ನಿಂತಿತು. ನಾನು ಗಡಿಯಾರ ನೋಡಲಿಲ್ಲ. ಆದ್ದರಿಂದ ಎಷ್ಟು ಗಂಟೆಗೆಂದು ಹೇಳಲಾರೆ.

ಅಂದು ಸಂಜೆ ಪಾಪನಿವೇದನೆಗೆ ಹೋದೆ. ನಮ್ಮ ಫಾದರ್ ಚಿಕ್ಕ ವಯಸ್ಸಿನವರು. ನಾನು ಎಲ್ಲವನ್ನೂ ಲೀಟರಿನ ಸಮೇತ ಹೇಳಿದೆ. ಜಾಲರಿಯ ಆಚೆಯಿಂದ ಅವರು ಕರು ಹೇಗಿದೆ ಎಂದು ಕೇಳಿದರು, ನಿಂತಿದೆ ಎಂದೆ. ಪೇಡಾ ಎಷ್ಟಾಗಿವೆ ಎಂದು ಕೇಳಿದರು. ನೂರ ಮೂವತ್ತು ಎಂದೆ. ಅವರು ಕೆಮ್ಮಿದರು. ಅದು ಕೆಮ್ಮೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ.

“ಪ್ರಾಯಶ್ಚಿತ್ತಕ್ಕೆ ಜಪ ಏನೂ ಬೇಡ” ಎಂದರು. “ಪಾಸ್ಖದ ದಿನ ಇರೋದನ್ನೇ ಎಲ್ರಿಗೂ ಹಂಚಿ. ಯಾಕಿಷ್ಟು ಚಿಕ್ದು ಅಂತ ಕೇಳಿದೋರಿಗೆಲ್ಲ ನಿಜ ಹೇಳಿ.”

ನೂರ ಮೂವತ್ತು ಪೇಡಾವನ್ನು ಮುನ್ನೂರು ಭಾಗ ಮಾಡುವುದು ಸುಲಭವಲ್ಲ. ಚಾಕು ಹಾಕಿದರೆ ಪುಡಿಯಾಗುತ್ತದೆ. ಅಕ್ಕ ಹೊಲಿಗೆಯ ದಾರ ಎಳೆದು ಕತ್ತರಿಸಿದಳು. ಕೆಲವು ಎರಡು, ಕೆಲವು ಮೂರು. ಹಬ್ಬದ ಬೆಳಿಗ್ಗೆ ಇಗರ್ಜಿಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತೆ. ನಮ್ಮ ಜನ ಕೇಳದೆ ಬಿಡುವವರಲ್ಲ. ಮೊದಲ ಹತ್ತು ಮಂದಿಗೆ ಬಿಸಿಲು, ಹಾಲು ಇಳಿದದ್ದು, ಎಡಮೊಲೆ ಎಲ್ಲವನ್ನೂ ವಿವರವಾಗಿ ಹೇಳಿದೆ. ಹಿಂದೆ ಸಾಲು ಬೆಳೆಯಿತು. ಆಮೇಲೆ ಚಿಕ್ಕದಾಗಿ, ಕರುವಿನ ಪಾಲು ಕಿತ್ತುಕೊಂಡಿದ್ದೆ, ವಾಪಸ್ಸು ಕೊಟ್ಟೆ ಎಂದೆ. ಕೆಲವರು ನಕ್ಕರು, ಕೆಲವರು ಪೇಡಾವನ್ನು ಕೈಯಲ್ಲೇ ಹಿಡಿದು ನಿಂತರು. ಒಬ್ಬ ಮುದುಕಿ ತನ್ನ ತುಂಡನ್ನು ತಟ್ಟೆಗೇ ಹಿಂದಿಟ್ಟು, “ತಗೊಂಡೋಗಿ ಅದುಕ್ಕೇ ಕೊಡಪ್ಪ” ಎಂದಳು. ಕರು ಪೇಡಾ ತಿನ್ನುವುದಿಲ್ಲವೆಂದು ಹೇಳಲು ನನಗೆ ಧೈರ್ಯವಾಗಲಿಲ್ಲ. ನಲವತ್ತು ದಿನದ ನಂತರ ನಾನು ಬಾಯಿಗೆ ಹಾಕಿದ ಮೊದಲ ಹಾಲಿನ ಪದಾರ್ಥ ಆ ತುಂಡು. ಚೆನ್ನಾಗಿತ್ತು. ಅದು ಚೆನ್ನಾಗಿದ್ದದ್ದೇ ಸ್ವಲ್ಪ ಕಷ್ಟವಾಯಿತು.

ಈಗ ಮಳೆ ಬಿದ್ದಿದೆ, ಹುಲ್ಲು ಬಂದಿದೆ. ಕರೆಯುವ ಕೆಲಸ ನನ್ನಲ್ಲೇ ಉಳಿದಿದೆ. ಅಕ್ಕ ಶಿಕ್ಷೆಯೆಂದು ಹೇಳದೆ ಬಿಟ್ಟುಕೊಟ್ಟಿದ್ದಾಳೆ. ಹಿಂದಿನ ಎಡಮೊಲೆಗೆ ನಾನು ಕೈ ಹಚ್ಚುವುದಿಲ್ಲ. ಮಿಕ್ಕ ಮೂರನ್ನೂ ಪೂರ್ತಿ ಬರಿದು ಮಾಡದೆ ಕರೆದು, ಚಿನ್ನಿಯನ್ನು ಬಿಟ್ಟು ಪಕ್ಕದಲ್ಲಿ ಕೂರುತ್ತೇನೆ. ಅದು ಕುಡಿದು, ಗುಮ್ಮಿ, ಮತ್ತೆ ಕುಡಿದು, ಕೊನೆಗೆ ತಾನಾಗಿ ತಲೆ ತಿರುಗಿಸುತ್ತದೆ. ಮೂತಿಯ ನೊರೆಯನ್ನು ನನ್ನ ಪಂಚೆಗೆ ಒರೆಸಿ ಬಾಲ ಎತ್ತಿಕೊಂಡು ಹಿತ್ತಲೆಲ್ಲ ಓಡುತ್ತದೆ. ಇಷ್ಟು ಹೊತ್ತಿನ ಕೆಲಸವೆಂದು ಹೇಳಲಾಗುವುದಿಲ್ಲ. ಕೆಲವು ದಿನ ಬೇಗ, ಕೆಲವು ದಿನ ಸೆಲೀನಾ ಒಳಗಿನಿಂದ ಎರಡು ಸಲ ಕೂಗುವವರೆಗೆ.

ನಿನ್ನೆ ಗಂಗಮ್ಮನವರು ಬೆಣ್ಣೆಗೆ ಬಂದರು. ಮನೆಯಲ್ಲಿ ಹಬ್ಬವಂತೆ, ಹೋಳಿಗೆಗೆ ಒಂದು ಮುದ್ದೆ ಬೇಕಂತೆ. ಈ ವಾರ ಬೆಣ್ಣೆ ಬರಲೇ ಇಲ್ಲ ಎಂದೆ. ಇಷ್ಟು ಹಾಲಿರುವ ಮನೆಯಲ್ಲಿ ಬೆಣ್ಣೆ ಎಲ್ಲಿಗೆ ಹೋಯಿತೆಂದು ಗೊಣಗುತ್ತಾ ಹಿತ್ತಲಿಗೆ ಬಂದರು. ಚಿನ್ನಿ ಅವರ ಸೆರಗು ಜಗಿಯಲು ಹತ್ತಿರ ಹೋಯಿತು. ಅವರು ಅದರ ದುಂಡನೆಯ ಬೆನ್ನ ಮೇಲೆ ಕೈ ಇಟ್ಟು, ಒಮ್ಮೆ ಕತ್ತಿನಿಂದ ಬಾಲದವರೆಗೆ ಸವರಿದರು.

“ಬೆಣ್ಣೆ ಎಲ್ಲೈತೆ ಅಂತ ಗೊತ್ತಾಯ್ತು ಬುಡಿ” ಎಂದರು.

ಅವರು ಹೋದ ಮೇಲೆ ನಾನೂ ಕೈ ಇಟ್ಟು ನೋಡಿದೆ. ನುಣ್ಣಗಿತ್ತು.